ಹದ್ದಿನ ಗಾಡಿಗೆ ಕುಸುಬಿ ಎಣ್ಣೆ

೮ ಸೆಪ್ಟೆಂಬರ್ ೧೯೭೪, ರವಿವಾರ

…ಎತ್ತಿಗೆ ತಳಿ ನೋಡೋದು ಖರೆ, ಕಬ್ಬಿಣಕ್ಕೆ ಎಂಥಾ ತಳಿ, ಹೀಗೇ ಏನೋ ಅಂದರು ಬೀಗರಾದ ಹೊಳೆಪ್ಪನವರು. ಪೂರ್ತಿ ನೆನಪಿಲ್ಲ. ಅವರು ಮಾತಾಡುವಾಗ ನಾನು ಗಾಡಿಯ ಬಾನೆಟ್ಟಿನ ಧೂಳು ಒರೆಸುತ್ತಿದ್ದೆ. ಸುತ್ತ ನಿಂತವರು ನಕ್ಕರು, ನಾನೂ ನಕ್ಕಿರಬೇಕು. ಹುಬ್ಬಳ್ಳಿಯಿಂದ ನಮ್ಮೂರು ಯರಗುಪ್ಪಿಯತನಕ ಆ ಮಾತಿನ ಉಳಿದರ್ಧ ಏನಿತ್ತೆಂದು ಹುಡುಕುತ್ತ ಬಂದೆ.

ಬೀಗರ ಮನೆಯಲ್ಲಿ ಬಸುರಿ ಮಗಳ ಕುಬಸ ಮುಗಿಯಿತು. ಗುರವ್ವನನ್ನು ಕರೆದುಕೊಂಡು ಬಂದಿದ್ದೇವೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಕಳೆದ ತಿಂಗಳು ಅವಳಿಗೆ ಒಮ್ಮೆ ರಕ್ತ ಕಂಡಿತ್ತು. ಹುಬ್ಬಳ್ಳಿಯ ಡಾಕ್ಟರಮ್ಮ ನಮ್ಮನ್ನೆಲ್ಲ ಕೂಡಿಸಿಕೊಂಡು ಹೇಳಿದರು: ಮಾಸು ಕೆಳಗೆ ಕೂತಿದೆ, ಹಾಸಿಗೆ ಬಿಟ್ಟು ಏಳಬಾರದು, ಇನ್ನೊಮ್ಮೆ ರಕ್ತ ಕಂಡರೆ ಹೆರಿಗೆ ನೋವಿಗೆ ಕಾಯದೆ ಆಗಿಂದಾಗ ಹೊರಟುಬರಬೇಕು, ತಡವಾದರೆ ತಾಯಿ ಮಗು ಇಬ್ಬರನ್ನೂ ಉಳಿಸಲಾಗದು. ಹುಬ್ಬಳ್ಳಿಯಲ್ಲೇ ಇಟ್ಟುಕೊಂಡರೆ ಒಳ್ಳೆಯದು ಎಂದೂ ಅಂದರು. ನನ್ನ ಹೆಂಡತಿ ಶಾರದೆ ಸೆರಗಿನ ತುದಿ ಹಿಡಿದು ನನ್ನ ಮುಖ ನೋಡಿದಳು.

“ನನ್ನ ಗಾಡಿ ಐತ್ರಿ,” ಅಂದೆ.

ಡಾಕ್ಟರಮ್ಮ ಯಾವ ಗಾಡಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುವವನಿದ್ದೆ.

೧೧ ಸೆಪ್ಟೆಂಬರ್, ಬುಧವಾರ

ನನ್ನ ಗಾಡಿ ಹಾರ್ಟನ್ ಕಂಪನಿಯದು. ಗಿರಣಿಯ ಇಂಗ್ಲಿಷ್ ಮ್ಯಾನೇಜರ ಹುಬ್ಬಳ್ಳಿ ಬಿಟ್ಟು ಹೋಗುವಾಗ ಅಪ್ಪ ಅವನಿಂದ ಕೊಂಡದ್ದು. ಬಾನೆಟ್ಟಿನ ತುದಿಗೆ ರೆಕ್ಕೆ ಬಿಚ್ಚಿದ ಹಿತ್ತಾಳೆಯ ಹಕ್ಕಿ ಇದೆ. ಊರಿನವರಿಗೆ ಇದು ಹದ್ದಿನ ಗಾಡಿ. ಆ ಕಂಪನಿ ಈ ದೇಶಕ್ಕೆ ಗಾಡಿ ಕಳಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಕಂಪನಿಯೇ ಇಲ್ಲವೆನ್ನುತ್ತಾರೆ. ಸಾಮಾನು ಮುಂಬಯಿಯ ಹಳೆ ಬಜಾರಿನಿಂದ ಬರಬೇಕು. ಬಂದದ್ದು ಕೆಲವೊಮ್ಮೆ ಬೇರೆ ಗಾಡಿಯದಾಗಿರುತ್ತದೆ, ಅರದಿಂದ ತಿಕ್ಕಿ ಕೂಡಿಸುತ್ತೇವೆ.

ಅದು ದಾರಿಯಲ್ಲಿ ಎಷ್ಟೋ ಸಲ ನಿಂತಿದೆ. ಪ್ರತಿ ಸಲವೂ ಕಾರಣ ನನಗೆ ಗೊತ್ತು. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿತ್ತು, ಎರಿಮಣ್ಣಿನ ಜಾಡು ಆಳವಾಗಿತ್ತು, ಮೇವಿನ ಇಲಿ ವಾಯರು ಕಡಿದಿತ್ತು. ಒಂದು ಸಲವೂ ಗಾಡಿಯ ತಪ್ಪಿರಲಿಲ್ಲ.

ದೊಡ್ಡ ಬಾಗಿಲು ದಾಟಿದರೆ ಬಲಕ್ಕೆ ಎತ್ತು, ಎಡಕ್ಕೆ ಗಾಡಿ. ಜಾಗ ಅಪ್ಪನೇ ಗೊತ್ತುಮಾಡಿದ್ದು. ಸೋಮವಾರ ಎತ್ತು ಹೂಡುವುದಿಲ್ಲ, ಗಾಡಿಯನ್ನೂ ಹೊರಗೆ ತೆಗೆಯುವುದಿಲ್ಲ. ಆಳು ಹುಚ್ಚಪ್ಪ ಇವತ್ತು ಸೆಗಣಿ ಬಳಿಯುತ್ತ ಕೇಳಿದ, “ಎತ್ತಿಗೆ ವಯಸ್ಸಾದ್ರ ಸಂತಿಗೆ ಹೊಡೀತೀವಿ. ಇದನ್ನ ಎಲ್ಲಿಗೆ ಹೊಡ್ಯೂಣ್ರಿ ಸಾವಕಾರ್ರ?”

“ಮದಲ ನಿನ್ನ ಹೊಡೀತೀನಿ ತಡಿ ಮಗನ.”

“ನನ್ನ ಯಾರ ತಗೋತಾರ್ರಿ, ನನ್ನ ಹಲ್ಲ ನೋಡಿದ್ರ ಸಾಕು.”

ಇನ್ನು ಮುಂದೆ ಪ್ರತಿದಿನ ಬೆಳಿಗ್ಗೆ ಒಮ್ಮೆ ಚಾಲೂ ಮಾಡಿ ನೋಡಬೇಕೆಂದು ಗೊತ್ತುಮಾಡಿದ್ದೇನೆ. ಸೋಮವಾರ ಬಿಟ್ಟು. ಗುರವ್ವ ಒಳಕೋಣೆಯಲ್ಲಿ ಮಲಗಿದಲ್ಲಿಂದಲೇ ಕೇಳಲಿ. ಅವಳಿಗೆ ಧೈರ್ಯ ಬರುತ್ತದೆ.

೧೭ ಸೆಪ್ಟೆಂಬರ್, ಮಂಗಳವಾರ

ಗಾಡಿ ಆಯಿಲ್ ಕುಡಿಯುತ್ತಿದೆ. ಹಿಂದೆ ನೀಲಿ ಹೊಗೆ. ಹೋದ ವರ್ಷದಿಂದ ಆಯಿಲ್ ಸಿಗುವುದೇ ಕಷ್ಟ. ಹುಬ್ಬಳ್ಳಿ ದಾರಿಯ ಸಂಶಿಗೆ ಹೋಗಿ ಹಜರತಅಲಿಯನ್ನು ಕಂಡೆ. ನನ್ನ ಗಾಡಿ ಮುಟ್ಟುವ ಮಿಸ್ತ್ರಿ ಅವನೊಬ್ಬನೇ.

“ಆಯಿಲ್ ಎಲ್ಲೈತ್ರಿ ಸಾವಕಾರ? ಅರಬರ ದೇಶದಾಗ ಐತಿ. ದಿನಾ ಆ ಕಡೆನ ಮುಖಾ ಮಾಡಿ ನಮಾಜ ಮಾಡ್ತೀನಿ, ನನಗೂ ಒಂದ ಡಬ್ಬಿ ಕಳಸವಲ್ರು.”

“ಕುಸುಬಿ ಎಣ್ಣಿ ನಡದೀತೇನು?”

ಅವನು ನಟ್ಟು ಬಿಚ್ಚುವ ಪಾನದಿಂದ ಕಿವಿಯ ಹಿಂದೆ ಕೆರೆದುಕೊಂಡ. “ನಡದೀತು ಬಿಡ್ರಿ. ಎಣ್ಣಿ ಅಂದ ಮ್ಯಾಲ ಎಣ್ಣಿನ. ಬ್ಯಾರೆ ಗಾಡಿ ಇದ್ರ ಹಾಕಬ್ಯಾಡ್ರಿ ಅಂತಿದ್ದೆ. ನಿಮ್ಮದು ಜುನಾ ಲೋಖಂಡ, ಹಳೀ ಕಬ್ಬಿಣ, ಏನ ಹಾಕಿದ್ರೂ ಅರಗಸ್ಕೋತೈತಿ.”

ನನಗೆ ಬೇಕಾದ ಮಾತನ್ನೇ ಅವನು ಆಡಿದ. ಅದು ತಿಳಿಯದಷ್ಟು ದಡ್ಡನಲ್ಲ ನಾನು. ಆದರೂ ದಾರಿಯುದ್ದಕ್ಕೂ ಆ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿದೆ.

ಹೊಲದಲ್ಲಿ ಗಳೆ ಹೊಡೆಯುವ ದಿನಗಳಲ್ಲಿ ನಮ್ಮ ಗಾಣದ ಎಣ್ಣೆಯನ್ನೇ ಬಿದಿರಿನ ಗೊಟ್ಟದಿಂದ ಎತ್ತುಗಳ ಗಂಟಲಿಗೆ ಹಾಕುತ್ತೇವೆ. ಮೈಗೆ ಹೊಳಪು ಬರುತ್ತದೆ, ದಣಿವು ಇಳಿಯುತ್ತದೆ. ಹುಚ್ಚಪ್ಪ ಎಂಜಿನ್ನಿಗೆ ಆಲಿಕೆ ಹಿಡಿದ, ನಾನು ಅದನ್ನೇ ಸುರಿದೆ. ಹೊಸ ತಗಡಿನ ಗಾಡಿಗಳಿಗೆ ಇದು ದಕ್ಕದು. ಹಾರ್ಟನ್‌ಗೆ ದಕ್ಕುತ್ತದೆ.

೨೦ ಸೆಪ್ಟೆಂಬರ್, ಶುಕ್ರವಾರ

ದಕ್ಕಿದೆ. ಹೊಗೆ ಕಡಿಮೆ, ಸದ್ದು ಮೆತ್ತಗೆ. ಊರಬಾಗಿಲ ಅಗಸಿಯತನಕ ಹೋಗಿ ಬಂದೆ. ಗಾಡಿಯ ಹಿಂದೆ ಊರ ತುಂಬ ಕರಿದ ವಾಸನೆ.

“ಸಾವಕಾರ್ರ, ಹುಡುಗೂರು ನನಗ ಮಿರ್ಚಿ ಭಜಿ ಕೇಳಾಕತ್ತಾವ್ರಿ,” ಅಂದ ಹುಚ್ಚಪ್ಪ.

ಗುರವ್ವ ಒಳಗಿನಿಂದ ನಕ್ಕದ್ದು ಕೇಳಿಸಿತು. ಅವಳು ಬಂದ ಮೇಲೆ ನಕ್ಕದ್ದು ಇದೇ ಮೊದಲು.

೨೭ ಸೆಪ್ಟೆಂಬರ್, ಶುಕ್ರವಾರ

ಹೊಳೆಪ್ಪನವರು ಬಂದಿದ್ದರು. ಇಲ್ಲೇ ತಯಾರಾಗುವ ಹೊಸ ಗಾಡಿ, ಡ್ರೈವರ್ ಸಮೇತ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪಡಸಾಲೆಯಲ್ಲಿ ಕೂತು ಚಹಾ ಬಸಿಯಲ್ಲಿ ಸುರಿದುಕೊಂಡರು.

“ಬೀಗರ, ಒಂದ ಮಾತು. ಗಾಡಿ, ಡ್ರೈವರ ಎರಡೂ ಇಲ್ಲೇ ಬಿಟ್ಟ ಹೊಕ್ಕೀನಿ. ಹೆರಿಗಿ ಆಗೂಮಟಾ ಇರಲಿ. ನಾ ಬಸ್ಸಿಗೆ ಹೊಕ್ಕೀನಿ.”

“ಯಾಕ್ರಿ, ನಮ್ಮದೇನ ಸತ್ತೈತೇನು?”

“ಸತ್ತೈತಿ ಅಂದೆನೇನ್ರಿ? ವಯಸ್ಸಾಗೈತಿ ಅಂದೆ.”

“ವಯಸ್ಸು ನಿಮಗೂ ಆಗೈತಿ. ನಿಮ್ಮನ್ನ ಯಾರ ಬದಲಿ ಮಾಡ್ಯಾರ?”

ಅವರು ನಕ್ಕರು. ನಗುವುದನ್ನು ನಿಲ್ಲಿಸಿ ಬಸಿ ಕೆಳಗಿಟ್ಟರು. “ಸೊಸಿ ಜೀವದ ಮಾತ್ರಿ ಇದು. ಚ್ಯಾಷ್ಟಿ ಬ್ಯಾಡ.”

“ಹಾರ್ಟನ್ ಇರೂ ಮನ್ಯಾಗ ಇನ್ನೊಂದ ಗಾಡಿ ನಿಂದ್ರೂದಿಲ್ರಿ,” ಅಂದೆ. ಅಂದಾಗ ಅದು ಅಪ್ಪನ ದನಿಯಂತೆ ಕೇಳಿಸಿತು. ಅಪ್ಪ ಹೀಗೆ ಅನ್ನುತ್ತಿದ್ದನೋ ಇಲ್ಲವೋ, ಈಗ ಯೋಚಿಸಿದರೆ ಖಾತ್ರಿಯಿಲ್ಲ.

ಹೊಳೆಪ್ಪನವರು ಮತ್ತೆ ಕೇಳಲಿಲ್ಲ. ಎದ್ದು ಹೋದರು. ಅವರ ಡ್ರೈವರ್ ಕೀಲಿ ತಿರುವಿದ ಕೂಡಲೆ ಗಾಡಿ ಚಾಲೂ ಆಯಿತು. ಆಗದಿರಲಿ ಎಂದು ಒಂದು ಗಳಿಗೆ ಬಯಸಿದೆ. ಮಗಳು ಒಳಗೆ ಮಲಗಿರುವಾಗ ಇಂಥದನ್ನು ಬಯಸಿದೆ.

ಸಂಜೆ ಗುರವ್ವ ಕೇಳಿದಳು, “ಅಪ್ಪಾ, ಮಾವಾರು ಬಸ್ಸಿಗೆ ಹೊಕ್ಕೀನಿ ಅಂದ್ರಲ್ಲ, ನೀ ಯಾಕ ಬ್ಯಾಡ ಅಂದಿ?”

“ನಮ್ಮದ ಐತೆಲ್ಲವಾ.”

“ಹೂಂ.”

ಅವಳ ಕಾಲು ಬಾತಿವೆ. ಕೌದಿಯಿಂದ ಹೊರಗೆ ಚಾಚಿಕೊಂಡಿದ್ದವು. ನಾನು ನೋಡಿದ್ದು ಕಂಡು ಒಳಗೆಳೆದುಕೊಂಡಳು.

೧ ಅಕ್ಟೋಬರ್, ಮಂಗಳವಾರ

ಹಿಂಗಾರಿ ಮಳೆ ಹಿಡಿದಿದೆ. ನಿನ್ನೆ ಸೋಮವಾರವೆಂದು ಮುಟ್ಟಿರಲಿಲ್ಲ. ಇವತ್ತು ಎಂಜಿನ್ನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದರೆ ಬಾವಿಯ ಗಾಲಿಗೆ ಬಂಡೆ ಕಟ್ಟಿದಷ್ಟು ಭಾರ. ಕೊನೆಗೊಮ್ಮೆ ಹಿಂದಕ್ಕೆ ಒದೆಯಿತು. ಮುಂಗೈ ಬಾತಿದೆ. ಅಕ್ಷರಗಳು ಓರೆಯಾಗುತ್ತಿವೆ.

ಆಮೇಲೆ ಚಾಲೂ ಆಯಿತು. ತಂಪಿಗೆ ಹೀಗಾಗುತ್ತದೆ.

೩ ಅಕ್ಟೋಬರ್, ಗುರುವಾರ

ಮುಂಗೈಗೆ ಅರಿಸಿನ ಕಟ್ಟುತ್ತ ಶಾರದೆ ಹೇಳಿದಳು, “ನೀವು ಅದನ್ನ ಚಾಲೂ ಮಾಡೂತನಕಾ ಹುಡಿಗಿ ಉಸರ ಹಿಡದ ಮಲಗಿರ್ತಾಳ. ಮುಷ್ಟಿ ಕಟ್ಟಿರ್ತಾಳ. ಹ್ಯಾಂಡಲ್ ತಿರುವಿದಾಗೊಮ್ಮೆ ಆಕಿ ಹೊಟ್ಟಿ ಬಿಗೀತೈತಿ. ನಾ ಕೈ ಇಟ್ಟ ನೋಡೀನಿ.”

ನಾನು ಕೈ ಹಿಂದೆಳೆದುಕೊಳ್ಳಲು ಹೋದೆ, ಅವಳು ಬಿಡಲಿಲ್ಲ.

“ಏನ್ರಿ, ಬೀಗರಿಗೆ ಹೇಳಿ ಕಳಸ್ರಿ. ಬಾಯಿ ಬಿಡಾಕ ನಾಚಿಕಿ ಬರತಿದ್ರ ನಾ ಹೇಳಸ್ತೀನಿ.”

“ಸುಮ್ನಿರ.”

ಅವಳು ಗಂಟನ್ನು ತುಸು ಬಿಗಿಯಾಗಿಯೇ ಕಟ್ಟಿದಳು.

ಧೈರ್ಯ ಬರಲೆಂದು ಮಾಡಿದ್ದು ಹೀಗಾಗಿದೆ. ಸದ್ದು ಅವಳ ಕಿವಿಗೆ ಬೀಳಬಾರದು. ನಾಳೆಯಿಂದ ಊರ ಹೊರಗೆ ನೋಡುತ್ತೇನೆ.

೪ ಅಕ್ಟೋಬರ್, ಶುಕ್ರವಾರ

ಗಾಡಿಗೆ ಎತ್ತು ಹೂಡಿ, ಅಗಸಿ ಆಚೆ ಬಸ್ಸಿನ ದಾರಿಯ ಪಕ್ಕದ ಬನ್ನಿಗಿಡದ ಕೆಳಗೆ ತಂದು ನಿಲ್ಲಿಸಿದೆವು. ಅಲ್ಲಿ ಗರಸು ಹಾಕಿದ್ದಾರೆ, ಗಾಲಿ ಹೂಳುವುದಿಲ್ಲ. ಹೊರಡುವ ಹೊತ್ತು ಬಂದರೆ ಗುರವ್ವನನ್ನು ಹೊರಸಿನ ಮೇಲೆ ಮಲಗಿಸಿ ಅಲ್ಲಿಗೆ ತರಬಹುದು. ಇದು ಒಂದು ರೀತಿಯಲ್ಲಿ ಒಳ್ಳೆಯದೇ. ಬಹಳ ಹೊತ್ತಿನ ಮೇಲೆ ಚಾಲೂ ಆಯಿತು, ತುಸು ಹೊತ್ತಿಗೇ ನಿಂತಿತು. ಆದರೆ ಆಯಿತು.

ಮನೆಗೆ ಬಂದಾಗ ಅವಳು ಎಚ್ಚರವಿದ್ದಳು.

“ಇವತ್ತ ಚಾಲೂ ಮಾಡ್ಲಿಲ್ಲ?”

“ಮಾಡೀನಿ, ಹೊರಗ.”

“ನನಗ ಕೇಳಸ್ಲಿಲ್ಲ.”

“ದೂರ ಆತಲ್ಲವಾ.”

ಗೋಡೆಯ ಕಡೆ ಹೊರಳಿದಳು. ನಿದ್ದೆ ಬಂದಿರಬೇಕು. ಸದ್ದಿಲ್ಲದ್ದು ಒಳ್ಳೆಯದಾಯಿತು.

೬ ಅಕ್ಟೋಬರ್, ರವಿವಾರ

ಹ್ಯಾಂಡಲ್ ಅಲುಗುವುದಿಲ್ಲ. ನಾನು, ಹುಚ್ಚಪ್ಪ ಇಬ್ಬರೂ ಜೋತುಬಿದ್ದರೂ ಇಲ್ಲ.

ಹಜರತಅಲಿಯನ್ನು ಕರೆಸಿದೆ. ಆಯಿಲಿನ ಕೋಲು ಎಳೆದ. ಅದರ ಜೊತೆ ಕಂದು ಬಣ್ಣದ ಎಳೆ ಎದ್ದುಬಂತು, ಹರಿಯಲಿಲ್ಲ.

“ಇದು ಎಣ್ಣಿ ಅಲ್ರಿ ಸಾವಕಾರ. ಬೆಲ್ಲದ ಪಾಕ ಆಗೈತಿ.”

“ನಡೀತೈತಿ ಅಂದವ ನೀನ.”

“ಅಂದಿದ್ದು ಖರೆ. ಬ್ಯಾಡ ಅಂದಿದ್ರ ಕೇಳ್ತಿದ್ರೇನು?”

ಜಗಳವಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ, ಅವನಲ್ಲಿಯೂ ಇದ್ದಂತಿರಲಿಲ್ಲ. ಮಳೆಯಲ್ಲಿ ಒಂದೇ ಗೋಣಿತಾಟು ಹೊದ್ದು ಇಬ್ಬರೂ ನಿಂತೆವು. ಎಂಜಿನ್ನಿನೊಳಗೆ ಸೀಮೆಎಣ್ಣೆ ಸುರಿದು ಬಿಡೋಣ, ಪಾಕ ಕರಗಿದರೆ ಮಂಗಳವಾರದ ಹೊತ್ತಿಗೆ ಸಡಿಲಾದೀತು ಎಂದ. ಆದೀತು ಅಂದವನ ಮುಖ ನೋಡಲಿಲ್ಲ.

ಗುರವ್ವ ಕೇಳಿದಳು, “ಅಪ್ಪಾ, ಗಾಡಿ?”

“ಚಲೋ ಐತಿ.”

ಅವಳು ನನ್ನನ್ನೇ ನೋಡಿದಳು. ನನ್ನ ಅಂಗಿಯ ತೋಳಿನಿಂದ ಸೀಮೆಎಣ್ಣೆ ನಾರುತ್ತಿತ್ತು.

ನಾಳೆ ಸಂಶಿಯ ಪೋಸ್ಟಿಗೆ ಹೋಗಿ ಹೊಳೆಪ್ಪನವರಿಗೆ ಫೋನ್ ಮಾಡಬೇಕು. ಗಾಡಿ ಕಳಿಸಿರಿ, ಇಷ್ಟೇ ಮಾತು. ಇಷ್ಟು ಮಾತಿಗೆ ಯಾಕಿಷ್ಟು ತಾಲೀಮು?

೭ ಅಕ್ಟೋಬರ್, ಸೋಮವಾರ

ಫೋನ್ ಮಾಡಲಿಲ್ಲ. ಸೀಮೆಎಣ್ಣೆ ಇಳಿಯಲು ಇನ್ನೂ ಹೊತ್ತು ಬೇಕು. ನಾಳೆ ಬೆಳಿಗ್ಗೆ ಒಮ್ಮೆ ನೋಡಿ, ಆಗದಿದ್ದರೆ ಮಾಡುತ್ತೇನೆ. ಮಳೆ.

೮ ಅಕ್ಟೋಬರ್, ಮಂಗಳವಾರ

ಬೆಳಕು ಹರಿಯುವಾಗಲೇ ಬನ್ನಿಗಿಡದ ಹತ್ತಿರ ಹೋದೆ. ಸೀಮೆಎಣ್ಣೆ ಬಸಿಯಲೆಂದು ಗೋಣಿ ಹಾಸಿ ಗಾಡಿಯ ಕೆಳಗೆ ತೂರಿಕೊಂಡೆ. ಕೆಳಗಿನ ಬಿರಡೆ ಬಿಚ್ಚಿದರೆ ಹನಿಯೂ ಇಳಿಯಲಿಲ್ಲ. ಬೆರಳು ತೂರಿಸಿದೆ. ಒಳಗೆಲ್ಲ ತೊಗಲಿನಂತೆ ಗಟ್ಟಿ. ಕಡ್ಡಿಯಿಂದ ಕೆದರಿದೆ, ಚೂರಿಯಿಂದ ಕೆದರಿದೆ. ಮುಖದ ಮೇಲೆ ಚೂರು ಚೂರಾಗಿ ಉದುರುತ್ತಿತ್ತು. ಎಷ್ಟು ಹೊತ್ತು ಕೆದರಿದೆನೋ.

ಬಸ್ಸು ಬಂತು. ಕೆಳಗಿನಿಂದ ನನಗೆ ಗಾಲಿ ಮಾತ್ರ ಕಂಡವು. ಕೆಸರಿನ ನೀರು ನನ್ನ ಕಾಲತನಕ ಚಿಮ್ಮಿತು. ಹಾರ್ನ್ ಒಂದು ಸಲ ಆಯಿತು, ನನಗೇ ಇರಬೇಕೆಂದು ಕೈ ಹೊರಗೆ ಚಾಚಿ ಬೀಸಿದೆ. ಬಸ್ಸಿನ ಗಾಲಿ ನಿಧಾನಕ್ಕೆ ಹೋದವು. ಸರಕಾರಿ ಬಸ್ಸಿನ ಟಾಯರು ಎಷ್ಟು ಸವೆದಿವೆ ಎಂದುಕೊಂಡೆ. ಇದನ್ನೇ ಅಂದುಕೊಂಡೆ, ಬೇರೇನೂ ಅಲ್ಲ.

ಮನೆಗೆ ಬಂದಾಗ ದೊಡ್ಡ ಬಾಗಿಲು ತೆರೆದಿತ್ತು. ಒಳಕೋಣೆಯಲ್ಲಿ ಹಾಸಿಗೆ ಖಾಲಿ. ಹಾಸಿಗೆಯಿಂದ ಹೊಸ್ತಿಲತನಕ ನೆಲ ಒರೆಸಿದ ಗುರುತು. ಒರೆಸಿದ ಬಟ್ಟೆ ಮೂಲೆಯಲ್ಲಿತ್ತು. ಅದರ ಬಣ್ಣ ಬರೆಯಲಾರೆ.

ಹುಚ್ಚಪ್ಪ ಎತ್ತಿನ ಹತ್ತಿರ ಕೂತಿದ್ದ. ಏಳಲಿಲ್ಲ.

“ಗುರವ್ವಕ್ಕಾರು ಬಸ್ಸಿಗೆ ಹೋದ್ರಿ. ಕೌದಿಯಾಗ ಹಾಕಿ ನಾಕ ಮಂದಿ ಹೊತಗೊಂಡ ಹೋಗಿ ಅಗಸ್ಯಾಗ ಹತ್ತಿಸಿದ್ವಿ. ಅವ್ವಾರೂ ಹೋದ್ರು.”

“ನಾ ಅಲ್ಲೇ ಇದ್ನೆಲ್ಲೋ. ಕರೀಬೇಕಿಲ್ಲೋ?”

“ಕರೀತೀನಿ ಅಂದ್ನಿ. ಅಕ್ಕಾರು ಬ್ಯಾಡ ಅಂದ್ರು.”

“ಯಾಕ?”

ಅವನು ಎತ್ತಿನ ಮುಖ ನೋಡುತ್ತ ಹೇಳಿದ, “‘ಅಪ್ಪ ಬಂದ್ರ ತಡಿ, ಚಾಲೂ ಮಾಡ್ತೀನಿ ಅಂತಾನ. ಬಸ್ಸ ತಪ್ಪತೈತಿ’ ಅಂದ್ರಿ.”

ಸಂಶಿಯ ಕಡೆ ಓಡಿದೆ. ನಲವತ್ತೆಂಟರ ಓಟ ಎರಿಮಣ್ಣಿನ ರಾಡಿಯಲ್ಲಿ ಎಷ್ಟು ದೂರ. ಕಾಲಿಗೆ ಮಣ್ಣು ಮೆತ್ತಿ ಮೆತ್ತಿ ಚಪ್ಪಲಿ ಎಲ್ಲೋ ಉಳಿದವು. ಹಳ್ಳಕ್ಕೆ ಬಂದರೆ ಹಳ್ಳ ತುಂಬಿ ಬಂದಿದೆ. ಬಸ್ಸು ದಾಟಿದ ಬಳಿಕ ಮೇಲಿನಿಂದ ನೀರು ನುಗ್ಗಿ ಬಂತು ಎಂದು ದಂಡೆಯಲ್ಲಿ ನಿಂತವರು ಹೇಳಿದರು. ಬಳ್ಳಾರಿ ಜಾಲಿಯ ಗಿಡ ಬೇರುಸಹಿತ ತೇಲಿಹೋಯಿತು. ಇಳಿಯಲು ಹೋದೆ, ಹಿಡಿದು ಹಿಂದೆಳೆದರು. ಕತ್ತಲಾಗುವತನಕ ಅಲ್ಲೇ ನಿಂತಿದ್ದೆ.

೯ ಅಕ್ಟೋಬರ್

ಹಳ್ಳ ಇಳಿದಿಲ್ಲ.

ಬೆಳಿಗ್ಗೆ ಹೋಗಿ ನೋಡಿದೆ. ಮಧ್ಯಾಹ್ನ ನೋಡಿದೆ. ನೆರೆಯವರು ರೊಟ್ಟಿ ತಂದಿಟ್ಟಿದ್ದಾರೆ. ಒಳಕೋಣೆಯ ಬಾಗಿಲನ್ನು ಮುಚ್ಚಿದರೆ ಕೆಟ್ಟದ್ದಾದೀತೆಂದು ತೆರೆದಿಟ್ಟೆ, ತೆರೆದಿದ್ದರೆ ಅತ್ತ ನೋಡಲಾಗುವುದಿಲ್ಲವೆಂದು ಮುಚ್ಚಿದೆ. ದಿನವೆಲ್ಲ ಇದೇ ಆಯಿತು.

೧೦ ಅಕ್ಟೋಬರ್

ಹಜರತಅಲಿ ಬಂದ. ಮೊಣಕಾಲತನಕ ಒದ್ದೆ, ಚಪ್ಪಲಿ ಕೈಯಲ್ಲಿ. ಸಂಶಿಯ ಪೋಸ್ಟಿಗೆ ಹೊಳೆಪ್ಪನವರ ಫೋನ್ ಬಂದಿತ್ತಂತೆ. ಪೋಸ್ಟಿನವರು ಇವನಿಗೆ ಹೇಳಿ ಕಳಿಸಿದ್ದಾರೆ. ಪಡಸಾಲೆಗೆ ಬಾ ಅಂದರೂ ಬರಲಿಲ್ಲ. ಅಂಗಳದಲ್ಲೇ ನಿಂತು ಹೇಳಿದ.

“ಗುರವ್ವಕ್ಕ ಉಳದಾರ್ರಿ. ಕೊಯ್ದು ತಗದಾರಂತ. ಕೂಸು…” ಅಂದು ನಿಲ್ಲಿಸಿದ. ಆಮೇಲೆ, “ಗಂಡಿತ್ತಂತ್ರಿ.”

ನಾನು ಕಟ್ಟೆಯ ಮೇಲೆ ಕೂತೆ. ಅವನೂ ಕೂತ, ದೂರದಲ್ಲಿ. ಬಾಣಂತನ ಅಲ್ಲೇ ಮಾಡುತ್ತಾರಂತೆ. ಶಾರದೆ ಅಲ್ಲೇ ಇರುತ್ತಾಳಂತೆ. ಅಪ್ಪಗ ಈಗ ಬರಬ್ಯಾಡ ಅನ್ರಿ ಎಂದು ಗುರವ್ವ ಹೇಳಿದ್ದಾಳಂತೆ. ಇದನ್ನು ಹೇಳುವಾಗ ಅವನು ಚಪ್ಪಲಿಯ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತಿದ್ದ.

“ತಡಾ ಆತಂತ್ರಿ,” ಅಂದ. “ಡಾಕ್ಟರಮ್ಮ ಅಂದ್ರಂತ, ಒಂದ ತಾಸ ಮದಲ ಬಂದಿದ್ರ ಅಂತ.”

“ಬಸ್ಸು ಹೊತ್ತಿಗೇ ಬಂದಿತ್ತಲ್ಲ.”

ಅವನು ನನ್ನನ್ನು ನೋಡಿದ. ನನಗೆ ಗೊತ್ತಿಲ್ಲವೆಂದು ಅವನಿಗೆ ಆಗ ತಿಳಿದಿರಬೇಕು.

“ಸಂಶಿ ಹೊರಗ ಹುಗದಿತ್ರಿ ಬಸ್ಸು. ಎಲ್ಲಾರನ್ನೂ ಇಳಿಸಿ ದೂಡಿಸಿದ್ರು. ಕೂಗಿದ್ದ ಕೇಳಿ ನಾನೂ ಹೋಗಿ ಹಿಂದಿನಿಂದ ಹೆಗಲ ಕೊಟ್ಟೆ. ಯಾರ ಒಳಗದಾರ, ಯಾರ ಹೊರಗದಾರ, ಆ ಮಳ್ಯಾಗ ಏನೂ ಕಾಣವಲ್ದಾಗಿತ್ತು. ಅಕ್ಕಾರು ಆ ಬಸ್ಸಿನ್ಯಾಗ ಅದಾರಂತ ನನಗ ಗೊತ್ತಿದ್ರ…”

ಹೋಗುವಾಗ ನೀರು ಕೇಳಿ ಕುಡಿದ.

ಹಳ್ಳ ಮೊಣಕಾಲಿಗೆ ಇಳಿದಿದೆಯಂತೆ. ದಾಟಬಹುದು. ಬರಬೇಡ ಅಂದಿದ್ದೀ ಮಗಳೆ, ಬರುವುದಿಲ್ಲ. ನಿನ್ನ ಅವ್ವನನ್ನು ಕೇಳಿದರೆ ಅವಳು ಹೇಳುವುದಿಲ್ಲ. ಹಜರತಅಲಿ ನೋಡಿಲ್ಲ. ಮಿಕ್ಕವರ ಗುರುತು ನನಗಿಲ್ಲ. ನಿನಗೊಬ್ಬಳಿಗೇ ಗೊತ್ತಿರುವುದು. ಎಲ್ಲರನ್ನೂ ಇಳಿಸಿದರು ಎಂದ ಅವನು. ಗುರವ್ವಾ, ಆಗ ನಿನ್ನನ್ನೂ ಇಳಿಸಿದರೇನವ್ವಾ?